ನಮ್ಮ ಟಾಕಿ ಮ್ಯಾಲಿನ ದೀಪಾವಳಿ

ನೀವು ನಂಬೂದಿಲ್ಲ, ಆದ್ರೂ ಹೇಳ್ತೀನಿ. ದೀಪಾವಳಿ ಸಂಜಿಗೆ ಗದಗಿನ ಪಟಾಕಿ ನೋಡಾಕ ಬೆಟಗೇರ್ಯಾಗ ನಮ್ಮ ಮನಿ ಮಾಳಿಗಿ ಮ್ಯಾಲಿನ ಸಿಮೆಂಟಿನ ನೀರಿನ ಟಾಕಿಗಿಂತ ಚೊಲೋ ಜಾಗ ಜಿಲ್ಲಾದಾಗ ಇಲ್ಲ. ಅಲ್ಲಿ ನಿಂತ್ರ ಮುಂಡರಗ್ಯಾಗ ಹಚ್ಚಿದ ಸುರಸುರಬತ್ತಿನೂ ಕಾಣ್ತೈತಿ.

ಲಕ್ಷ್ಮೇಶ್ವರದಿಂದ ದೊಡ್ಡವ್ವನ ಮಗಳು ಬಂದಿದ್ಲು. ನನಗಿಂತ ಎರಡ ತಿಂಗಳಷ್ಟ ದೊಡ್ಡಾಕಿ.

"ಪಟಾಕಿ ನೋಡಾಕ ಗದ್ದಲಿಲ್ಲದ ಜಾಗ ನಿಮ್ಮೂರಾಗ ಎಲ್ಲೈತಲೇ?" ಅಂತ ನಕ್ಕಳು.

"ತೋರಸ್ತೀನಿ. ತೋರಸದಿದ್ರ ವರ್ಷತನಾ ನಿನಗ 'ಅಕ್ಕಾರ' ಅಂತೀನಿ" ಅಂದೆ.

ಮಾರ್ಕೆಟ್ಟಿನಾಗ ಮಂದಿ ಒಬ್ಬರ ಹೆಗಲ ಮ್ಯಾಲ ಒಬ್ಬರು ಕುಂತಿದ್ರು. ಟಾಕಿ ಮ್ಯಾಲ ನಾವಿಬ್ಬರ. ಅಂಗಡಿ ಪೂಜಿ ಮುಗಿದಂಗ ರಾಕೆಟ್ ಮ್ಯಾಲ ರಾಕೆಟ್ ಹಾರಾಕ ಹತ್ತಿದ್ವು.

"ಖರೇನ ಚೊಲೋ ಐತಲೇ" ಅಂದ್ಲು.

ಗೆದ್ದೆ ಅಂತ ಕುಣಿಯೂ ಭರದಾಗ ಟಾಕಿಯ ತಗಡಿನ ಮುಚ್ಚಳದ ಮ್ಯಾಲ ಕಾಲಿಟ್ಟೆ. ಮುಚ್ಚಳ ನೀರಿಗೆ ಬಿತ್ತು. ಅದರ ಹಿಂದ ನನ್ನ ಕಾಲು, ಚಪ್ಪಲಿ ಸಮೇತ.

ಸಪ್ಪಳ ಕೇಳಿ ಅವ್ವ ಮ್ಯಾಲ ಬಂದ್ಲು.

"ನಳದಾಗ ನೀರು ಬಂದು ಎಂಟ ದಿನ ಆತು. ಇದ್ದ ಒಂದ ಟಾಕಿ ನೀರಾಗ ಚಪ್ಪಲಿ ತೊಳ್ಯಾಕತ್ತಿ ಏನಲೇ?"

ನಾ ಮೆಲ್ಲಕ ಬಾಜೂಕ ತಿರುಗಿದೆ.

"ಅಕ್ಕಾರ, ನೀವರ ಅವ್ವಗ ಒಂದ ಮಾತು ಹೇಳ್ರಿ."