ಒಳಗಿನ ಚಿಲಕ

ನನ್ನ ಮಗಳಿಗೆ ತನ್ನ ಗಂಡ ಬೇಕಾಗಿದ್ದ. ನಡೆದದ್ದು ಇಷ್ಟೇ. ಅಳಿಯನ ತಪ್ಪು ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದ್ದು ನನ್ನ ದಡ್ಡತನ.

ತುಮಕೂರು ರಸ್ತೆಯ ಮೇಲ್ಸೇತುವೆಗೆ ಕಂಬ ಎಬ್ಬಿಸುತ್ತಿದ್ದ ಕಾಲ. ಮಗಳು ಚೊಚ್ಚಲ ಬಾಣಂತನಕ್ಕೆ ಮಾಕಳಿಗೆ, ನಮ್ಮ ಮನೆಗೆ ಬಂದಿದ್ದಳು. ಅಳಿಯನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ. ಭಾನುವಾರ ಬೈಕಿನಲ್ಲಿ ಬಂದು, ನಡುಮನೆಯಲ್ಲಿ ಕೂತು ಕಾಫಿ ಕುಡಿದು, ಮಗುವನ್ನು ಆಡಿಸಿ ಹೋಗುತ್ತಿದ್ದ. ನಮ್ಮಲ್ಲಿ ಐದು ತಿಂಗಳು ತುಂಬುವವರೆಗೆ ಗಂಡನಾದವನು ಬಾಣಂತಿ ಕೋಣೆಯಲ್ಲಿ ಉಳಿಯುವಂತಿಲ್ಲ. ಅವಳ ಮಂಚದ ಪಕ್ಕ ಚಾಪೆ ಹಾಸಿಕೊಂಡು ನಾನೇ ಮಲಗುತ್ತಿದ್ದೆ.

ಮೂರನೆಯ ತಿಂಗಳಲ್ಲಿ ಒಂದು ಭಾನುವಾರ ಮಧ್ಯಾಹ್ನ ಸಬ್ಬಸಿಗೆ ಸೊಪ್ಪು ತರಲು ಹೋಗಿದ್ದೆ. ವಾಪಸ್ ಬಂದರೆ ನಡುಮನೆಯಲ್ಲಿ ಮಗು ಮಾತ್ರ, ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದೆ. ಬಾಣಂತಿ ಕೋಣೆಗೆ ಒಳಗಿನಿಂದ ಚಿಲಕ. ಸೊಪ್ಪು ಬಿಸಾಡಿ ಬಾಗಿಲಿಗೆ ಗುದ್ದಿದೆ. ನಾನು ಗುದ್ದಿದ ರಭಸಕ್ಕೆ ಹಳೆಯ ಚಿಲಕ ಕಿತ್ತೇ ಬಂತು.

ಅಳಿಯ ತಲೆ ತಗ್ಗಿಸಿ ನಿಂತಿದ್ದ. ಶರ್ಟಿನ ಮುಂಭಾಗ ಒದ್ದೆ.

"ಏನ್ರಪ್ಪಾ, ಐದು ತಿಂಗ್ಳು ತಡ್ಕೊಳಕ್ಕೆ ಆಗ್ಲಿಲ್ವಾ? ಅಸಿ ಬಾಣಂತಿ ಕಣ್ರಪ್ಪಾ ಅವ್ಳು! ಬಾಣಂತನ ಮುಗಿಯೋಗಂಟ ಈ ಕಡೆ ತಲೆ ಆಕ್ಬೇಡಿ!"

ಅಳಿಯ ಬೈಕು ಹತ್ತಿ ಹೋದ.

ಮಗಳು ಅಳುತ್ತಾಳೆ ಅಂದುಕೊಂಡೆ. ಅವಳು ಮಂಚದ ಮೇಲೆ ಕೂತು ತಲೆಗೂದಲು ಗಂಟು ಹಾಕಿಕೊಂಡಳು.

"ಚಿಲಕ ಹಾಕಿದ್ದು ನಾನು ಕಣಮ್ಮ. ಕರೆದಿದ್ದೂ ನಾನೇ."

"ನಾಚ್ಕೆ ಆಗಲ್ವೇನೇ?"

"ಡಾಕ್ಟರಮ್ಮನ್ನ ಕೇಳ್ದಾಗ ನೀನೂ ಪಕ್ಕದಲ್ಲೇ ಇದ್ಯಲ್ಲ."

ಇದ್ದೆ. ಆಸ್ಪತ್ರೆಗೆ ತೋರಿಸಲು ಹೋದಾಗ, ಗಂಡನ ಜೊತೆ ಸೇರಬಹುದಾ ಅಂತ ಇವಳು ನೇರವಾಗಿ ಕೇಳಿದ್ದಳು. ಹೊಲಿಗೆ ಮಾಗಿದೆ, ನಿನಗೆ ಮನಸ್ಸಾದಾಗ ಸೇರು, ನೋವಾದರೆ ನಿಲ್ಲಿಸು ಅಂತ ಅವರು ಹೇಳಿದ್ದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೇಳಿಸದವಳ ಹಾಗೆ ಕೂತಿದ್ದೆ.

"ಹೆರಿಗೆ ಆದ್ಮೇಲೆ ಈ ಮೈ ನಂದಲ್ಲ ಅನ್ನಿಸ್ಬಿಟ್ಟಿತ್ತಮ್ಮ. ಮಗು ಎಳೆಯುತ್ತೆ, ನೀನು ಎಣ್ಣೆ ತಿಕ್ಕಿ ನೀರು ಹುಯ್ತೀಯ. ಈಗ ಆಸೆ ಬಂತು. ಭಯಾನೂ ಇತ್ತು. ನೋಯುತ್ತೆ ಅಂದೆ, ಅವ್ರು ಅಲ್ಲಿಗೇ ಬಿಟ್ರು. ಹಾಲು ಸೋರಿ ಅವ್ರ ಶರ್ಟೆಲ್ಲ ಒದ್ದೆ. ಇಬ್ರೂ ನಗ್ತಾ ಇದ್ವಿ, ಅಷ್ಟರಲ್ಲಿ ನೀನು ಗುದ್ದಿದೆ. ಇನ್ನು ಅವ್ರು ನನ್ನ ಮುಟ್ಟೋಕೇ ಹೆದರ್ತಾರೆ. ಆಗ ನಾನೇನಮ್ಮ ಮಾಡ್ಲಿ?"

ನನ್ನ ಬಾಣಂತನ ಮುಗಿದು ಗಂಡನ ಮನೆಗೆ ಹೋದ ದಿನ, ನಿನಗೆ ಬೇಕೋ ಬೇಡವೋ ಅಂತ ಯಾರೂ ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ. ನಾಲ್ಕು ಹೆತ್ತೆ, ಆಸೆ ಅನ್ನುವ ಮಾತು ಒಮ್ಮೆಯೂ ಬಾಯಿಗೆ ಬರಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಕಿವಿಗೆ ಹತ್ತಿ ಇಟ್ಟುಕೊಂಡು, ಮೈಯೆಲ್ಲ ಬೆಳ್ಳುಳ್ಳಿ ವಾಸನೆ ಹೊಡೆಯುತ್ತ, ನನ್ನ ಮುಖ ನೋಡಿಕೊಂಡೇ ಅದನ್ನು ಹೇಳಿದಳು. ಆಸೆಯನ್ನೂ ಹೇಳಿದಳು, ಭಯವನ್ನೂ ಹೇಳಿದಳು. ಗಟ್ಟಿಗಿತ್ತಿ ಅಂದುಕೊಂಡೆ. ಬಾಯಿ ಬಿಟ್ಟು ಹೇಳುವ ಅಭ್ಯಾಸ ನನಗಿಲ್ಲ. ನೆಲದ ಮೇಲೆ ಬಿದ್ದಿದ್ದ ಸೊಪ್ಪು ಆರಿಸಿಕೊಂಡು ಅಡುಗೆಮನೆಗೆ ಹೋದೆ.

ಮಾರನೆಯ ಬೆಳಿಗ್ಗೆ ಅಳಿಯನಿಗೆ ಫೋನು ಮಾಡಿಸಿದೆ.

"ಮುಂದಿನ ಭಾನ್ವಾರ ಬನ್ನಿ. ಮಗೂನ ಎತ್ಕೊಂಡು ನಾನು ಪಕ್ಕದ ಮನೇಲಿರ್ತೀನಿ. ನಿನ್ನೆ ಅಂದಿದ್ದು ಮನ್ಸಿಗೆ ಆಕ್ಕೋಬೇಡಿ."

"ಆಯ್ತು ಅತ್ತೆ" ಅಂದ.

ಚಾಪೆ ಸುತ್ತಿ ನಡುಮನೆಗೆ ತಂದಿಟ್ಟು, ರಸ್ತೆ ಬದಿಯ ಹಾರ್ಡ್‌ವೇರ್ ಅಂಗಡಿಗೆ ನಡೆದೆ.

"ಚಿಲಕ ಹೊರಗಡೆಗಾ ಅಜ್ಜಿ, ಒಳಗಡೆಗಾ?" ಅಂದ ಅಂಗಡಿಯವನು.

"ಒಳಗಡೆಗೆ. ಗಟ್ಟಿಯಾಗಿರೋದು ಕೊಡಪ್ಪ. ಯಾರು ಗುದ್ದಿದ್ರೂ ಕಿತ್ತು ಬರಬಾರ್ದು."