ಹನಿಯಮ್ಮ ಬರೆದ ನೀರಿನ ಪಟ್ಟಿ

ನದಿ ನೀರು ಹಂಚುವ ಕಚೇರಿಯಲ್ಲಿ ಆಕೆಗೆ ಹನಿಯಮ್ಮ ಎಂಬ ಹೆಸರು ಬಿದ್ದು ಇಪ್ಪತ್ತು ವರ್ಷವಾಗಿತ್ತು. ಒಂದೊಂದು ಹನಿಗೂ ಜಗಳಕ್ಕೆ ನಿಲ್ಲುತ್ತಾಳೆಂದು ಯಾರೋ ಸಿಟ್ಟಿನಲ್ಲಿ ಇಟ್ಟ ಹೆಸರು. ಬರಬರುತ್ತಾ ಕಾವಲುಗಾರನೂ ಹಾಗೇ ಕರೆಯತೊಡಗಿದ. ಆಕೆ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಕೆಡಿಸಿಕೊಳ್ಳಲು ಬೇರೆ ಬೇಕಾದಷ್ಟಿತ್ತು.

ಪ್ರತಿ ಬೇಸಿಗೆಗೆ ಮೊದಲು ನದಿಯ ಹರಿವು ಅಳೆದು ಮೂರು ಭಾಗದವರಿಗೆ ಪಾಲು ಬರೆಯುವುದು ಆಕೆಯ ಕೆಲಸ. ಮೇಲ್ಗಡೆ ಹೊಲಗದ್ದೆ, ನಡುವೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಊರು, ಕೆಳಗೆ ಅದೇ ನೀರು ಕುಡಿಯುವ ಪಟ್ಟಣ. ಪಟ್ಟಿಯಲ್ಲಿ ಎರಡು ಸಾಲು. ಯಾರಿಗೆ ಎಷ್ಟು ನೀರು ಎಂಬುದು ಒಂದು, ಆ ನೀರಿನಲ್ಲಿ ಉಪ್ಪು ಎಷ್ಟರವರೆಗೆ ಇರಬಹುದು ಎಂಬುದು ಇನ್ನೊಂದು. ಮೊದಲ ಸಾಲಿಗೆ ಎಲ್ಲರೂ ಹೊಡೆದಾಡುತ್ತಿದ್ದರು. ಎರಡನೆಯದನ್ನು ಓದುವವರೇ ಕಡಿಮೆ.

ಆ ವರ್ಷ ನದಿ ಸೊರಗಿತ್ತು. ಬಣ್ಣದ ಊರಿಗೆ ಎಂದಿನ ಪಾಲು ಕೊಡುವಷ್ಟು ನೀರೇನೋ ಇತ್ತು. ಆದರೆ ಕಾರ್ಖಾನೆಗಳು ಬಳಸಿದ ನೀರು ಉಪ್ಪು ತುಂಬಿಕೊಂಡು ಮತ್ತೆ ನದಿಗೇ ಬರುತ್ತಿತ್ತು, ಅದನ್ನು ತೆಳುಮಾಡುವಷ್ಟು ಹರಿವು ಇರಲಿಲ್ಲ. ಕೆಳಗಿನ ಸೇತುವೆಯ ಹತ್ತಿರ ಹನಿಯಮ್ಮ ಮೂರು ಸಲ ಬಾಟಲಿ ತುಂಬಿಸಿದಳು. ಮೂರು ಸಲವೂ ಉಪ್ಪು ಮಿತಿ ದಾಟಿತ್ತು.

ಕಾರ್ಖಾನೆಗಳ ಸಂಘಕ್ಕೆ ಕಾರ್ಯದರ್ಶಿ ಆಕೆಯ ಒಡಹುಟ್ಟಿದ ತಮ್ಮ. ಈ ಕೆಲಸ ಬೇರೆಯವರಿಗೆ ವಹಿಸಿ ಎಂದು ಆಕೆ ಕಚೇರಿಯ ಸಾಹೇಬರಿಗೆ ಬರೆದುಕೊಟ್ಟಿದ್ದಳು. "ಬೇರೆ ಯಾರಿದ್ದಾರಮ್ಮ?" ಎಂದು ಅವರು ಖಾಲಿ ಕುರ್ಚಿಗಳ ಕಡೆ ಕೈ ತೋರಿಸಿದ್ದರು.

ಭಾನುವಾರ ಮಧ್ಯಾಹ್ನ ತಮ್ಮ ಆಕೆಯ ಮನೆಗೆ ಬಂದ.

"ಅಕ್ಕಾ, ನಮ್ಮ ಪಾಲಿಗೆ ಕತ್ತರಿ ಹಾಕ್ತೀಯಂತೆ?"

"ಪಟ್ಟಿ ಇನ್ನೂ ಆಗಿಲ್ಲ. ಕೂತ್ಕೋ ಮೊದಲು."

"ನೀರಿದೆಯಲ್ಲ, ಕೊಡೋಕೇನು ಕಷ್ಟ ನಿಂಗೆ?"

"ನೀವು ತಗೊಳ್ಳೋದು ಕಷ್ಟ ಅಲ್ಲ ಕಣೋ. ವಾಪಸ್ ಬಿಡ್ತೀರಲ್ಲ, ಅದು ಕಷ್ಟ."

ಹನಿಯಮ್ಮನ ಗಂಡ ಕಿಟಕಿಯ ಪಕ್ಕ ಕೂತು ಗಡಿಯಾರ ರಿಪೇರಿ ಮಾಡುತ್ತಿದ್ದ. ತಮ್ಮ ಆ ಕಡೆ ತಿರುಗಿದ. "ಭಾವ, ನೀವಾದ್ರೂ ಒಂದು ಮಾತು ಹೇಳಿ."

"ನಾನು ಹೇಳಿದ್ದು ಈ ಮನೇಲಿ ಯಾವತ್ತು ನಡೆದಿದೆ, ಅದನ್ನ ಹೇಳು," ಎಂದ ಭಾವ, ಕಣ್ಣಿನ ಭೂತಗನ್ನಡಿ ತೆಗೆಯದೆ. ಯಾರೂ ನಗಲಿಲ್ಲ.

ಮರುದಿನ ಸಾಹೇಬರು ಕರೆದರು. ಒಂದೇ ಸಮನೆ ಫೋನು ಬಂದು ಬಂದು ಅವರ ಮುಖ ಬಾಡಿತ್ತು. "ಸೇತುವೆ ಹತ್ರಾನೇ ಯಾಕೆ ನೀರು ತೆಗೀಬೇಕು? ಕಾರ್ಖಾನೆ ನೀರು ಸೇರೋಕೆ ಮುಂಚೆ, ಸ್ವಲ್ಪ ಮೇಲೆ ತೆಗೆದ್ರೆ ಎಲ್ಲರಿಗೂ ನೆಮ್ಮದಿ."

"ಕುಡಿಯೋದು ಸೇತುವೆ ನೀರು, ಸಾರ್."

"ಗೊತ್ತಮ್ಮ. ನಂಗೂ ಗೊತ್ತು."

ಹನಿಯಮ್ಮನ ನಿವೃತ್ತಿಗೆ ಎಂಟು ತಿಂಗಳಿತ್ತು. ಮಂಡಿ ನೋಯುತ್ತಿತ್ತು. ಇನ್ನು ಯಾರ ಜತೆಗೂ ವಾದ ಬೇಡ ಅನ್ನಿಸಿ, ಆಕೆ ನಿಜವಾಗಿಯೂ ಮೇಲಕ್ಕೆ ಹೋದಳು, ಬಾಟಲಿ ತುಂಬಿಸಿದಳು, ಚೀಟಿ ಅಂಟಿಸಿದಳು. ತಿಳಿಯಾದ ನೀರು. ಅದನ್ನು ಹಿಡಿದುಕೊಂಡು ಕಚೇರಿಗೆ ಬಂದಾಗ ಕೆಳಗಿನ ಪಟ್ಟಣದ ಆಸ್ಪತ್ರೆಯ ನರ್ಸ್ ಕಾದು ಕೂತಿದ್ದಳು. ಕಿಡ್ನಿ ಕೆಟ್ಟವರ ರಕ್ತ ಶುದ್ಧಿ ಮಾಡುವ ವಾರ್ಡಿನವಳು. ಚೀಲದಿಂದ ಎರಡು ಫಿಲ್ಟರ್ ತೆಗೆದು ಮೇಜಿನ ಮೇಲಿಟ್ಟಳು.

"ಮೂರು ತಿಂಗಳು ಬರಬೇಕಾದ್ದು ಮೇಡಂ, ಎಂಟೇ ದಿನಕ್ಕೆ ಉಪ್ಪು ಕಟ್ಕೊಳ್ತಿದೆ. ಹನ್ನೊಂದು ಜನ ಇದ್ದಾರೆ. ದಿನಾ ಬೆಳಿಗ್ಗೆ ಯಾರಿಗೆ ಇವತ್ತು ಬೇಡ ಹೋಗಿ ಅನ್ಲಿ?"

ನರ್ಸ್ ಹೋದ ಮೇಲೆ ಹನಿಯಮ್ಮ ಬಾಟಲಿಯ ನೀರನ್ನು ಬಚ್ಚಲಿಗೆ ಸುರಿದು, ಸೇತುವೆಯ ಅಂಕಿಯನ್ನೇ ಇಟ್ಟುಕೊಂಡು ಪಟ್ಟಿ ಬರೆದಳು. ಬಣ್ಣದ ಊರಿಗೆ ಅರ್ಧ ಪಾಲು, ಕಾರ್ಖಾನೆಗಳು ಎರಡು ಗುಂಪಾಗಿ ವಾರಕ್ಕೆ ಮೂರು ಮೂರು ದಿನ ನಡೆಯಬೇಕು. ಮೇಲ್ಗಡೆಯವರು ವಾರಕ್ಕೆರಡು ದಿನ ಕಾಲುವೆ ಮುಚ್ಚಿ ನದಿಗೆ ನೀರು ಬಿಡಬೇಕು.

ಸಭೆಯಲ್ಲಿ ಎಲ್ಲರೂ ಆಕೆಯ ಮೇಲೆ ಹರಿಹಾಯ್ದರು. ಕೊನೆಗೆ ತಮ್ಮ ಎದ್ದು ನಿಂತ.

"ನಮ್ಮಲ್ಲಿ ನಾಲ್ಕು ಸಾವಿರ ಜನ ಅರ್ಧ ವಾರ ಮನೇಲಿ ಕೂರ್ತಾರೆ. ಅದನ್ನ ಯಾವ ಸಾಲಲ್ಲಿ ಬರೀತೀರಾ, ಮೇಡಂ?"

ಹುಟ್ಟಿದಾಗಿನಿಂದ ಅವನು ಆಕೆಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

"ಅದಕ್ಕೆ ಸಾಲಿಲ್ಲ," ಎಂದಳು. "ಇಲ್ಲ ಅಂತಾನೇ ಪೂರ್ತಿ ಮುಚ್ಚಿ ಅಂತ ಬರೀಲಿಲ್ಲ. ಸರದಿ ಅಂತ ಬರೆದೆ."

ಸಾಹೇಬರು ನಾಲ್ಕು ದಿನ ಕಡತ ಮುಟ್ಟಲಿಲ್ಲ. ಐದನೆಯ ದಿನ ಸಹಿ ಹಾಕಿ, ರಜೆ ಹಾಕಿ ಹೋದರು.

ಐದು ವಾರದ ನಂತರ ಉಪ್ಪು ಮಿತಿಯೊಳಗೆ ಬಂತು, ಅದೂ ಕೂದಲೆಳೆಯಷ್ಟು. ಆಸ್ಪತ್ರೆಯ ಫಿಲ್ಟರ್ ಒಂದು ತಿಂಗಳು ಬರತೊಡಗಿತು, ಮೂರಲ್ಲ. ಬಣ್ಣದ ಊರಲ್ಲಿ ಎರಡು ಕಾರ್ಖಾನೆ ಮುಚ್ಚಿದವು, ಮತ್ತೆ ತೆರೆಯಲಿಲ್ಲ. ತಮ್ಮ ಇಡೀ ಬೇಸಿಗೆ ಅಕ್ಕನ ಮನೆಯ ಕಡೆ ತಲೆ ಹಾಕಲಿಲ್ಲ. ಅವನ ಹೆಂಡತಿ ಮಾತ್ರ ಕದ್ದು ಫೋನು ಮಾಡಿ, "ಅತ್ತಿಗೆ, ಊಟ ಆಯ್ತಾ?" ಎಂದು ಕೇಳಿ ಇಟ್ಟುಬಿಡುತ್ತಿದ್ದಳು.

ಹನಿಯಮ್ಮ ನಿವೃತ್ತಳಾಗಿ ಎರಡು ತಿಂಗಳಿಗೆ ತಮ್ಮ ಬಂದ. ಸೊರಗಿದ್ದ. ನಾಲ್ಕು ಕಾರ್ಖಾನೆಯವರು ಸೇರಿ ಉಪ್ಪು ತೆಗೆಯುವ ಯಂತ್ರ ತರಿಸುತ್ತಿದ್ದಾರೆ ಎಂದ. ಉಳಿದವರು ಒಪ್ಪಿಲ್ಲ, ಸರದಿ ಇನ್ನೂ ನಡೀತಿದೆ ಎಂದ. ಆಕೆ ಹೂಂ ಎಂದಳು. ಅವನಿಗೂ ಹೆಚ್ಚು ಮಾತು ಬೇಕಿರಲಿಲ್ಲ. ಸೋಫಾದ ಮೇಲೆ ಕಾಲು ಚಾಚಿ ಹಾಗೇ ನಿದ್ದೆ ಹೋದ. ಆಕೆ ಪರದೆ ಎಳೆದು, ಬಿಸಿಲು ಅವನ ಮುಖಕ್ಕೆ ಬೀಳದಂತೆ ಮಾಡಿ, ತಾನೂ ಎದುರಿನ ಕುರ್ಚಿಯಲ್ಲಿ ಕೂತಳು.