ಗೋಡೆಯಾಚೆಯ ನಗು

ಇವತ್ತು ಮೊಬೈಲಿನಲ್ಲಿ ಒಂದು ಹಳೆಯ ಮರಾಠಿ ಹಾಸ್ಯ ಧಾರಾವಾಹಿಯ ತುಣುಕು ಬಂತು. ನಡುವಯಸ್ಸಿನ ಎರಡು ಜೋಡಿಗಳ ಸ್ನೇಹದ ಕಥೆ. 'ಇದನ್ನು ನೋಡಿದರೆ ಅಪ್ಪ ಅಮ್ಮ ನೆನಪಾಗುತ್ತಾರೆ' ಎಂದು ಕೆಳಗೆ ಯಾರೋ ಬರೆದಿದ್ದರು.

ನನ್ನ ಬಾಲ್ಯದಲ್ಲಿ, ಡೊಂಬಿವಲಿಯ ಚಾಳಿನ ಸಾಲುಮನೆಗಳಲ್ಲಿ, ನಮಗೂ ಪಕ್ಕದ ಮನೆಯ ಮರಾಠಿಯವರಾದ ಶೈಲಾ ಕಾಕುವಿಗೂ ಒಂದೇ ಗೋಡೆ. ಎರಡೂ ಮನೆಯಲ್ಲಿ ಇದೇ ಧಾರಾವಾಹಿ. ಉಡುಪಿಯಿಂದ ಬಂದ ಅಮ್ಮನಿಗೆ ಮರಾಠಿಯ ಜೋಕು ಪೂರ್ತಿ ತಿಳಿಯುತ್ತಿರಲಿಲ್ಲ. ಗೋಡೆಯಾಚೆ ಕಾಕು ನಕ್ಕ ಮೇಲೆ ಅಮ್ಮ ನಗುತ್ತಿದ್ದಳು.

ಒಮ್ಮೆ ಅಮ್ಮ ಒಣಹಾಕಿದ ಸೀರೆಯ ನೀರು ಕಾಕುವಿನ ಹಪ್ಪಳದ ಮೇಲೆ ತೊಟ್ಟಿಕ್ಕಿ ಜಗಳವಾಯಿತು. ಮಾತು ನಿಂತಿತು. ನಗು ಮಾತ್ರ ಗೋಡೆ ದಾಟಿ ಬರುತ್ತಲೇ ಇತ್ತು. ಒಂದು ಸಂಜೆ ಅದೂ ಬರಲಿಲ್ಲ. ಅಮ್ಮ ಟಿವಿಯ ಸದ್ದು ತಗ್ಗಿಸಿ ಕಿವಿಗೊಟ್ಟಳು.

"ಅವಳು ನಗ್ಲೇ ಇಲ್ಲ ಮಾರಾಯ್ರೆ."

"ನೀನು ಟಿವಿ ನೋಡ್ತೀಯೋ, ಗೋಡೆ ನೋಡ್ತೀಯೋ?" ಎಂದರು ಅಪ್ಪ.

ಅಮ್ಮ ಹೋಗಿ ಕಾಕುವಿನ ಬಾಗಿಲು ತಟ್ಟಿದಳು. ನಾನೂ ಹಿಂದೆಯೇ ಓಡಿದೆ.

"ಟಿವಿ ಬಂದ್ ಪಡ್ಲಾ ಗ," ಎಂದರು ಕಾಕು. ಅವರ ಟಿವಿ ಕೆಟ್ಟಿತ್ತು, ಅಷ್ಟೇ.

"ಚಲೋ ಹಮಾರೆ ಘರ್. ಆಪ್ ನಹೀ ಹಸೇಗಾ ತೋ ಮೈ ಕೈಸಾ ಹಸೇಗಾ?" ಎಂದಳು ಅಮ್ಮ. ನೀವು ನಗದೆ ನಾನು ಹೇಗೆ ನಗಲಿ ಎಂದು ತನ್ನ ಹರುಕು ಹಿಂದಿಯಲ್ಲಿ ಕೇಳಿದ್ದಳು.

ಆ ಸಂಜೆ ಕಾಕು, ಅವರ ಗಂಡ ಕಾಕಾ, ಅಪ್ಪ, ಅಮ್ಮ ನಮ್ಮ ಮಂಚದ ಮೇಲೆ ಒತ್ತಿಕೊಂಡು ಕೂತರು. ನೀರು ಬಿದ್ದು ಸೊಟ್ಟಗಾದ ಅದೇ ಹಪ್ಪಳವನ್ನು ಕಾಕು ಕರಿದು ತಂದಿದ್ದರು.

ಈಗ ಅಮ್ಮ ಇಲ್ಲ. ಘೋಡಬಂದರ್ ರಸ್ತೆಯ ನನ್ನ ಫ್ಲಾಟಿನ ಗೋಡೆಗಳಿಂದ ಏನೂ ಕೇಳುವುದಿಲ್ಲ. ಆದರೂ ಇವತ್ತು ಜೋಕು ಬಂದಾಗ ನನ್ನ ಬೆರಳು ತಾನಾಗಿಯೇ ಸದ್ದು ತಗ್ಗಿಸಿತು.